ವ್ಯಂಗ್ಯಚಿತ್ರಕಾರ ದೋಮಿಯೆ

೧೮೩೧ನೆಯ ಇಸವಿಯ ಡಿಸೆಂಬರ್ ತಿಂಗಳು. ಪ್ಯಾರಿಸ್ ನಗರದ ವೆರೊ-ದೊದಾ ಎಂಬ ಅಂಗಡಿಸಾಲಿನಲ್ಲಿ ಓಬೆರ್ ಎಂಬವನ ಚಿತ್ರದಂಗಡಿಯಿದ್ದಿತು. ಹೊಸದಾಗಿ ಅಚ್ಚಾಗಿ ಬಂದ ಚಿತ್ರಗಳನ್ನು ಗಾಜಿನ ಕಿಟಕಿಯಲ್ಲಿ ತೂಗುಹಾಕುವುದು ಅಲ್ಲಿಯ ಪದ್ಧತಿ. ಆಗಿನ ಪ್ಯಾರಿಸ್ಸಿನಲ್ಲಿ ದೊಡ್ಡ ದಿನಪತ್ರಿಕೆಯೊಂದರ ವರ್ಷದ ಚಂದಾ ೮೦ ಫ್ರಾಂಕುಗಳಷ್ಟಿದ್ದು, ಕೂಲಿಯಿಂದ ಬದುಕುವವನಿಗೆ ಅದು ನಿಲುಕದ ಮಾತಾಗಿತ್ತು. ಪತ್ರಿಕೆ ಕೊಳ್ಳಲಾರದವರೂ ಅಕ್ಷರ ಬಾರದವರೂ ಇಂತಹ ಕಿಟಕಿಗಳ ಮುಂದೆ ನಿಂತು ನಾಡಿನ ಸುದ್ದಿಯನ್ನು ಚಿತ್ರಗಳಲ್ಲಿಯೇ ಓದಿಕೊಳ್ಳುತ್ತಿದ್ದರು. ಆ ತಿಂಗಳು ಅಲ್ಲಿ ಕಂಡ ಒಂದು ಚಿತ್ರ ಜನರನ್ನು ನಗಿಸಿತು, ಅಧಿಕಾರಿಗಳನ್ನು ಕೆರಳಿಸಿತು.

ಚಿತ್ರದಲ್ಲಿ ಮಹಾಕಾಯನೊಬ್ಬ ಪೀಠದ ಮೇಲೆ ಕುಳಿತಿದ್ದಾನೆ. ಅವನ ತೆರೆದ ಬಾಯಿಯಿಂದ ನೆಲದವರೆಗೆ ಉದ್ದನೆಯ ಹಲಗೆಯೊಂದು ಇಳಿದಿದೆ. ಹರಕುಬಟ್ಟೆಯ ಬಡವರಿಂದ ಸಂಗ್ರಹಿಸಿದ ನಾಣ್ಯಗಳನ್ನು ಬುಟ್ಟಿಗಳಲ್ಲಿ ಹೊತ್ತ ಆಳುಗಳು ಹಲಗೆಯ ಮೇಲೆ ಹತ್ತಿಹೋಗಿ ಆ ಬಾಯಿಗೆ ಸುರಿಯುತ್ತಿದ್ದಾರೆ. ಪೀಠದ ಕೆಳಗಿನಿಂದ ಬಿರುದು ಪದವಿಗಳ ಕಾಗದಗಳು ಉದುರುತ್ತಿವೆ. ಅವುಗಳನ್ನು ಆಯ್ದುಕೊಳ್ಳಲು ಗಣ್ಯರು ಮುಗಿಬಿದ್ದಿದ್ದಾರೆ. ಫ್ರಾನ್ಸಿನ ಹಳೆಯ ಲೇಖಕ ರಾಬೆಲೆಯ ಕಥೆಯಲ್ಲಿ ಬರುವ ಹೊಟ್ಟೆಬಾಕ ದೈತ್ಯ ಗಾರ್ಗಾಂಟುವಾನ ಹೆಸರನ್ನೇ ಚಿತ್ರಕ್ಕೆ ಇಟ್ಟಿದ್ದರು. ಆದರೆ ಆ ಮುಖ ದೊರೆ ಲೂಯಿ ಫಿಲಿಪನದೆಂದು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಪೋಲೀಸರು ಚಿತ್ರದ ಪ್ರತಿಗಳನ್ನು ವಶಪಡಿಸಿಕೊಂಡರು. ಅದನ್ನು ಬರೆದ ಓನೊರೆ ದೋಮಿಯೆಗೆ ಆಗ ೨೩ ವರ್ಷ.

ದೋಮಿಯೆ ೧೮೦೮ರ ಫೆಬ್ರವರಿ ೨೬ರಂದು ದಕ್ಷಿಣ ಫ್ರಾನ್ಸಿನ ಬಂದರು ಮಾರ್ಸೇಲ್ಸಿನಲ್ಲಿ ಜನಿಸಿದನು. ತಂದೆಯ ಕಸುಬು ಕಿಟಕಿಗಳಿಗೆ ಗಾಜು ಕೂರಿಸುವುದು, ಚಿತ್ರಗಳಿಗೆ ಚೌಕಟ್ಟು ಕಟ್ಟುವುದು. ಮನಸ್ಸೆಲ್ಲ ಕಾವ್ಯದ ಮೇಲೆ. ಕವಿಯೆನಿಸಿಕೊಳ್ಳುವ ಹಂಬಲದಿಂದ ಆತ ರಾಜಧಾನಿಗೆ ಹೊರಟುಹೋದನು. ೧೮೧೬ರಲ್ಲಿ ಹೆಂಡತಿ ಮಕ್ಕಳೂ ಅಲ್ಲಿಗೆ ಬಂದು ಸೇರಿದರು. ಪ್ಯಾರಿಸ್ ಆ ಕವಿಯನ್ನು ಆದರಿಸಲಿಲ್ಲ. ಮನೆಯಲ್ಲಿ ಬಡತನ ಹೆಚ್ಚಿತು. ಬಾಲಕ ಓನೊರೆ ಹನ್ನೆರಡು ಹದಿಮೂರರ ವಯಸ್ಸಿನಲ್ಲಿಯೇ ನ್ಯಾಯಾಲಯದ ಅಮೀನನೊಬ್ಬನ ಬಳಿ ಓಲೆಕಾರನಾಗಿ ದುಡಿಯಬೇಕಾಯಿತು. ಕಪ್ಪು ನಿಲುವಂಗಿಯ ವಕೀಲರು, ತೂಕಡಿಸುವ ನ್ಯಾಯಾಧೀಶರು, ಮೂಲೆಯಲ್ಲಿ ಕಣ್ಣೀರು ಒರೆಸಿಕೊಳ್ಳುವ ಕಕ್ಷಿಗಾರರು ಅವನ ದಿನನಿತ್ಯದ ನೋಟವಾದರು. ಅನಂತರ ಪಾಲೆ-ರೊಯಾಲ್ ಎಂಬ ಜನನಿಬಿಡ ಸ್ಥಳದ ಪುಸ್ತಕದ ಅಂಗಡಿಯೊಂದರಲ್ಲಿ ಗುಮಾಸ್ತೆಯ ಕೆಲಸ. ಅಲ್ಲಿ ಇಡೀ ನಗರವೇ ಅವನ ಕಣ್ಣೆದುರು ಹಾದುಹೋಗುತ್ತಿತ್ತು. ಶಾಲೆಯಲ್ಲಿ ದೊರೆಯಲಾರದ ಪಾಠ ಅವನಿಗೆ ಈ ಎರಡು ಕೆಲಸಗಳಲ್ಲಿ ದೊರೆಯಿತೆನ್ನಬೇಕು.

ಮಗನ ಒಲವು ಚಿತ್ರಕಲೆಯ ಕಡೆಗೆಂದು ಕಂಡ ತಂದೆ ೧೮೨೨ರಲ್ಲಿ ಅವನನ್ನು ತನ್ನ ಸ್ನೇಹಿತನಾದ ಅಲೆಕ್ಸಾಂದ್ರ್ ಲೆನ್ವಾರ್ ಎಂಬ ಕಲಾವಿದನ ಬಳಿ ಕಲಿಯಲು ಬಿಟ್ಟನು. ಬಿಡುವು ಸಿಕ್ಕಾಗ ಹುಡುಗ ಲೂವ್ರ್ ವಸ್ತುಸಂಗ್ರಹಾಲಯಕ್ಕೆ ಹೋಗಿ ಪ್ರಾಚೀನ ಶಿಲ್ಪಗಳ ಮುಂದೆ ಕುಳಿತು ಬರೆದುಕೊಳ್ಳುತ್ತಿದ್ದನು. ಆದರೆ ವರ್ಣಚಿತ್ರಕಾರನಾಗಿ ನೆಲೆಗೊಳ್ಳಲು ಕಾಲ ಬೇಕು, ಹಣ ಬೇಕು. ಎರಡೂ ಇಲ್ಲದವನಿಗೆ ಕೂಡಲೇ ಅನ್ನ ಕೊಡುವ ವಿದ್ಯೆಯೊಂದು ಆಗ ಊರಿನಲ್ಲಿ ಹರಡುತ್ತಿತ್ತು. ಅದೇ ಕಲ್ಲಚ್ಚು.

ತನ್ನ ನಾಟಕಗಳನ್ನು ಅಗ್ಗವಾಗಿ ಅಚ್ಚು ಮಾಡಿಸುವ ಉಪಾಯ ಹುಡುಕುತ್ತಿದ್ದ ಸೆನೆಫೆಲ್ಡರ್ ಎಂಬಾತ ೧೮ನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಇದನ್ನು ಕಂಡುಹಿಡಿದನು. ಎಣ್ಣೆಯೂ ನೀರೂ ಒಂದಕ್ಕೊಂದು ಸೇರುವುದಿಲ್ಲ ಎಂಬುದೇ ಇದರ ತಿರುಳು. ನುಣುಪು ಮಾಡಿದ ಸುಣ್ಣಕಲ್ಲಿನ ಹಾಸಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆಯಬೇಕು. ಗೋಂದು ಬೆರೆಸಿದ ಆಮ್ಲವನ್ನು ಸವರಿ, ಬಳಿಕ ಕಲ್ಲನ್ನು ನೀರಿನಿಂದ ಒದ್ದೆ ಮಾಡಿದರೆ ಬರಿದಾದ ಭಾಗ ನೀರನ್ನು ಹೀರುತ್ತದೆ. ಜಿಡ್ಡು ಇರುವ ಗೆರೆ ನೀರನ್ನು ದೂಡುತ್ತದೆ. ಈಗ ಶಾಯಿಯನ್ನು ಉರುಳಿಸಿದರೆ ಅದು ಗೆರೆಗಳಿಗೆ ಮಾತ್ರ ಅಂಟಿಕೊಳ್ಳುತ್ತದೆ. ಅದರ ಮೇಲೆ ಕಾಗದವನ್ನಿಟ್ಟು ಒತ್ತಿದರೆ ಚಿತ್ರ ಮೂಡಿಬರುತ್ತದೆ. ತಾಮ್ರದ ತಗಡನ್ನು ಕೊರೆದು ಚಿತ್ರ ಸಿದ್ಧಪಡಿಸಲು ಹಲವು ದಿನಗಳು ಹಿಡಿಯುತ್ತಿದ್ದರೆ, ಕಲ್ಲಿನ ಮೇಲೆ ಒಂದು ರಾತ್ರಿಯಲ್ಲಿ ಬರೆದುಬಿಡಬಹುದಾಗಿತ್ತು. ನಿನ್ನೆಯ ಸುದ್ದಿಗೆ ಇಂದು ಚಿತ್ರ ಕೊಡಲು ಪತ್ರಿಕೆಗಳಿಗೆ ಇದಕ್ಕಿಂತ ಒಳ್ಳೆಯ ಸಾಧನ ಬೇರೆ ಇರಲಿಲ್ಲ.

೧೮೩೦ರ ಜುಲೈ ತಿಂಗಳಿನಲ್ಲಿ ಪ್ಯಾರಿಸ್ಸಿನ ಜನ ದಂಗೆಯೆದ್ದು ಹತ್ತನೆಯ ಶಾರ್ಲ್ ದೊರೆಯನ್ನು ಓಡಿಸಿದರು. ಪತ್ರಿಕೆಗಳ ಬಾಯಿ ಮುಚ್ಚಿಸಲು ಅವನು ಹೊರಡಿಸಿದ ಆಜ್ಞೆಗಳೂ ಆ ದಂಗೆಗೆ ಒಂದು ಕಾರಣ. ಅವನ ಸ್ಥಾನಕ್ಕೆ ಬಂದ ಲೂಯಿ ಫಿಲಿಪ್ ಪತ್ರಿಕೆಗಳಿಗೆ ಸ್ವಾತಂತ್ರ್ಯದ ವಚನವಿತ್ತನು. ಆ ವಚನವನ್ನು ನಂಬಿ ಶಾರ್ಲ್ ಫಿಲಿಪೋನ್ ಎಂಬ ಚಿತ್ರಕಾರ ಅದೇ ವರ್ಷ ‘ಲಾ ಕಾರಿಕಾತ್ಯೂರ್’ ಎಂಬ ವಾರಪತ್ರಿಕೆಯನ್ನೂ, ೧೮೩೨ರ ಡಿಸೆಂಬರಿನಲ್ಲಿ ‘ಶಾರಿವಾರಿ’ ಎಂಬ ದಿನಪತ್ರಿಕೆಯನ್ನೂ ಆರಂಭಿಸಿದನು. ಶಾರಿವಾರಿ ಎಂದರೆ ಪಾತ್ರೆ ತಟ್ಟೆಗಳನ್ನು ಬಡಿದು ಒಬ್ಬನನ್ನು ಹಾಸ್ಯಮಾಡುವ ಗದ್ದಲ. ದಿನವೂ ಒಂದು ಹೊಸ ಚಿತ್ರ ಕೊಡುವುದು ಆ ಪತ್ರಿಕೆಯ ಹಟ. ಮುಂದೆ ೧೮೪೧ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ಪಂಚ್’ ಪತ್ರಿಕೆ ತನ್ನ ಹೆಸರಿನ ಜೊತೆಗೆ ಲಂಡನ್ನಿನ ಶಾರಿವಾರಿ ಎಂಬ ಉಪನಾಮವನ್ನು ಧರಿಸಿತು. ಆ ಪಂಚ್‌ನ ಹೆಸರನ್ನು ಹೊತ್ತು ನಮ್ಮ ದೇಶದ ಲಖನೌದಲ್ಲಿ ೧೮೭೭ರಲ್ಲಿ ‘ಅವಧ್ ಪಂಚ್’ ಹೊರಟಿತು.

ಫಿಲಿಪೋನನ ಮೇಲೆ ಮೊಕದ್ದಮೆಗಳು ಒಂದರ ಹಿಂದೊಂದು ಬಂದವು. ೧೮೩೧ರ ನವೆಂಬರಿನಲ್ಲಿ ಅವನು ನ್ಯಾಯಾಲಯದಲ್ಲಿಯೇ ಲೇಖನಿ ಹಿಡಿದು ನಾಲ್ಕು ಮುಖಗಳನ್ನು ಬರೆದು ತೋರಿಸಿದನು. ಮೊದಲನೆಯದು ದೊರೆಯ ಮುಖ. ಎರಡನೆಯದರಲ್ಲಿ ಗಲ್ಲ ಸ್ವಲ್ಪ ಜೋತಿದೆ, ಮೂರನೆಯದರಲ್ಲಿ ಇನ್ನಷ್ಟು ಜೋತಿದೆ. ನಾಲ್ಕನೆಯದು ಅಪ್ಪಟ ಮರಸೇಬಿನ ಹಣ್ಣು. ಮೊದಲನೆಯ ಚಿತ್ರ ಅಪರಾಧವಾದರೆ ಕೊನೆಯದೂ ಅಪರಾಧವಾಗಬೇಕಲ್ಲವೇ ಎಂಬುದು ಅವನ ವಾದ. ವಾದ ಗೆಲ್ಲಲಿಲ್ಲ, ಹಣ್ಣು ಗೆದ್ದಿತು. ಪ್ಯಾರಿಸ್ಸಿನ ಗೋಡೆಗಳ ಮೇಲೆ ಹುಡುಗರು ಮರಸೇಬನ್ನು ಗೀಚತೊಡಗಿದರು. ಮುಂದಿನ ತಿಂಗಳು ದೋಮಿಯೆಯ ಗಾರ್ಗಾಂಟುವಾ ಹೊರಬಂದಾಗ ಅದರ ತಲೆಯೂ ಈ ಹಣ್ಣಿನ ಆಕಾರದಲ್ಲಿಯೇ ಇದ್ದಿತು.

೧೮೩೨ರ ಫೆಬ್ರವರಿಯಲ್ಲಿ ನ್ಯಾಯಾಲಯ ದೋಮಿಯೆಗೆ ಆರು ತಿಂಗಳ ಸೆರೆವಾಸವನ್ನೂ ೫೦೦ ಫ್ರಾಂಕುಗಳ ದಂಡವನ್ನೂ ವಿಧಿಸಿತು. ಶಿಕ್ಷೆ ಕೂಡಲೇ ಜಾರಿಗೆ ಬರಲಿಲ್ಲ. ತೆಪ್ಪಗಿದ್ದರೆ ಬಹುಶಃ ಪಾರಾಗಬಹುದಾಗಿತ್ತು. ಅವನು ತೆಪ್ಪಗಿರಲಿಲ್ಲ. ಮತ್ತೊಂದು ಚಿತ್ರ ಬಂದೊಡನೆಯೇ, ಆಗಸ್ಟ್ ತಿಂಗಳ ಕೊನೆಯ ದಿನ, ಅವನನ್ನು ಹಿಡಿದು ಸೇಂಟ್ ಪೆಲಾಜಿ ಸೆರೆಮನೆಗೆ ತಳ್ಳಿದರು. ಮುಂದಿನ ವರ್ಷದ ಫೆಬ್ರವರಿಯಲ್ಲಿ ಬಿಡುಗಡೆಯಾಗಿ ಹೊರಗೆ ಬಂದವನು ಮತ್ತೆ ಕಲ್ಲಿನ ಮುಂದೆ ಕುಳಿತನು.

ಈ ದಿನಗಳಲ್ಲಿ ಅವನು ಹಸಿಮಣ್ಣಿನಿಂದ ಶಾಸನಸಭೆಯ ಸದಸ್ಯರ ಪುಟ್ಟ ತಲೆಗಳನ್ನು ಮಾಡಿ ಬಣ್ಣ ಬಳಿದಿಟ್ಟುಕೊಂಡು, ಅವುಗಳನ್ನು ನೋಡಿ ಚಿತ್ರ ಬರೆಯುತ್ತಿದ್ದನು. ಸುಡದೆ ಬಿಟ್ಟ ಆ ಮಣ್ಣಿನ ತಲೆಗಳಲ್ಲಿ ೩೬ ಉಳಿದುಕೊಂಡಿದ್ದು, ಪ್ಯಾರಿಸ್ಸಿನ ಓರ್ಸೆ ವಸ್ತುಸಂಗ್ರಹಾಲಯದಲ್ಲಿವೆ. ಒಬ್ಬನ ಮೂಗು ಕೊಕ್ಕಿನಂತೆ, ಇನ್ನೊಬ್ಬನ ತುಟಿ ಜೋಲುಚೀಲದಂತೆ. ಆದರೂ ಪ್ರತಿಯೊಂದೂ ಬದುಕಿದ್ದ ಒಬ್ಬ ಮನುಷ್ಯನ ತಲೆಯೆಂಬುದರಲ್ಲಿ ಸಂದೇಹ ಹುಟ್ಟುವುದಿಲ್ಲ.

ಆದರೆ ೧೮೩೪ರಲ್ಲಿ ಬಂದ ಅವನ ಶ್ರೇಷ್ಠ ಚಿತ್ರದಲ್ಲಿ ನಗೆಯ ಸುಳಿವೇ ಇಲ್ಲ. ಆ ವರ್ಷದ ಏಪ್ರಿಲಿನಲ್ಲಿ ಲಿಯಾನ್ ನಗರದ ರೇಷ್ಮೆ ನೇಕಾರರು ದಂಗೆಯೆದ್ದರು. ಅದರ ಕಾವು ಪ್ಯಾರಿಸ್ಸಿಗೂ ಹಬ್ಬಿತು. ತ್ರಾನ್ಸ್‌ನೊನೇನ್ ಬೀದಿಯ ಒಂದು ಮನೆಯಿಂದ ಗುಂಡು ಹಾರಿತೆಂದು ಸೈನಿಕರು ಆ ಮನೆಗೆ ನುಗ್ಗಿ ಕೈಗೆ ಸಿಕ್ಕ ನಿವಾಸಿಗಳನ್ನು ಕೊಂದರು. ದೋಮಿಯೆ ಬರೆದ ಚಿತ್ರದಲ್ಲಿ ಸೈನಿಕನೊಬ್ಬನೂ ಇಲ್ಲ. ಬೆಳಗಿನ ಬೆಳಕು ಬಿದ್ದ ಒಂದು ಕೋಣೆ. ಅಸ್ತವ್ಯಸ್ತವಾದ ಹಾಸಿಗೆಗೆ ಒರಗಿಕೊಂಡು, ಮಲಗುವ ಅಂಗಿ ಕುಲಾವಿಗಳಲ್ಲಿಯೇ ಒಬ್ಬಾತ ಸತ್ತುಬಿದ್ದಿದ್ದಾನೆ. ಅವನ ದೇಹದ ಅಡಿಯಲ್ಲಿ ಒಂದು ಮಗು. ಎಡಗಡೆ ನೆರಳಿನಲ್ಲಿ ಒಬ್ಬ ಹೆಂಗಸು, ಬಲಗಡೆ ಅಂಚಿನಲ್ಲಿ ಒಬ್ಬ ಮುದುಕನ ತಲೆ. ಮುಗುಚಿಬಿದ್ದ ಒಂದು ಕುರ್ಚಿ. ಚಿತ್ರಕ್ಕೆ ಅವನು ಬೀದಿಯ ಹೆಸರನ್ನೂ ಆ ದಿನದ ತಾರೀಖನ್ನೂ ಬಿಟ್ಟು ಬೇರೆ ಯಾವ ಹೆಸರನ್ನೂ ಕೊಡಲಿಲ್ಲ. ಓಬೆರ್ ಅಂಗಡಿಯ ಕಿಟಕಿಯ ಮುಂದೆ ಮತ್ತೆ ಜನ ಸೇರಿದರು; ಈ ಸಲ ಯಾರೂ ನಗಲಿಲ್ಲ. ಅಧಿಕಾರಿಗಳು ಪ್ರತಿಗಳನ್ನು ಹುಡುಕಿ ನಾಶಮಾಡಿದರು. ಹಾಗೂ ಕೆಲವು ಉಳಿದವು.

ಅದೇ ವರ್ಷ, ಅದೇ ಮಾಲೆಯಲ್ಲಿ, ಪತ್ರಿಕೆಗಳ ಪರವಾಗಿ ಅವನು ಇನ್ನೊಂದು ಚಿತ್ರ ಬರೆದನು. ಅಚ್ಚುಕೂಟದ ಕೆಲಸಗಾರನೊಬ್ಬ ಮುಷ್ಟಿ ಬಿಗಿದು ನೆಲಕ್ಕೆ ಕಾಲೂರಿ ನಿಂತಿದ್ದಾನೆ. ಅವನ ಒಂದು ಬದಿಯಲ್ಲಿ ಪದಚ್ಯುತನಾದ ಹತ್ತನೆಯ ಶಾರ್ಲ್ ಕುಸಿದುಬಿದ್ದಿದ್ದಾನೆ. ಇನ್ನೊಂದು ಬದಿಯಲ್ಲಿ ಕೊಡೆ ಹಿಡಿದ ಲೂಯಿ ಫಿಲಿಪ್ ಮುಂದೆ ಬರಲು ಹವಣಿಸುತ್ತಿದ್ದಾನೆ. ದಂಡಗಳನ್ನು ಕಟ್ಟಲು ಬೇಕಾದ ಹಣಕ್ಕಾಗಿಯೇ ಫಿಲಿಪೋನ್ ಚಂದಾದಾರರನ್ನು ಸೇರಿಸಿ ಈ ಮಾಲೆಯನ್ನು ಹೊರಡಿಸುತ್ತಿದ್ದನು.

೧೮೩೫ರ ಜುಲೈನಲ್ಲಿ ದೊರೆಯನ್ನು ಕೊಲ್ಲುವ ಪ್ರಯತ್ನ ನಡೆಯಿತು. ದೊರೆ ಉಳಿದನು; ಅವನ ಸುತ್ತ ಇದ್ದ ಹಲವರು ಸತ್ತರು. ಸರ್ಕಾರಕ್ಕೆ ನೆಪ ಸಿಕ್ಕಿತು. ಸೆಪ್ಟೆಂಬರಿನ ಕಾನೂನುಗಳ ಪ್ರಕಾರ ಮುಂಗಡ ಅನುಮತಿಯಿಲ್ಲದೆ ಯಾವ ಚಿತ್ರವನ್ನೂ ಪ್ರಕಟಿಸುವಂತಿರಲಿಲ್ಲ. ಬರೆದ ಮಾತಿಗಿಂತ ಚಿತ್ರಕ್ಕೇ ಕಟ್ಟು ಹೆಚ್ಚು ಬಿಗಿಯಾಯಿತೆಂಬುದು ಗಮನಿಸತಕ್ಕ ಸಂಗತಿ. ‘ಲಾ ಕಾರಿಕಾತ್ಯೂರ್’ ನಿಂತುಹೋಯಿತು. ‘ಶಾರಿವಾರಿ’ ಉಳಿಯಬೇಕಾದರೆ ದೊರೆಯನ್ನೂ ಮಂತ್ರಿಗಳನ್ನೂ ಬಿಡಬೇಕು. ಹಾಗಾದರೆ ದಿನವೂ ಯಾರನ್ನು ಬರೆಯುವುದು?

ದೋಮಿಯೆ ದೊರೆಯಿಂದ ಪ್ರಜೆಯ ಕಡೆಗೆ ತಿರುಗಿದನು. ಅದು ಪ್ಯಾರಿಸ್ಸಿನಲ್ಲಿ ಹಣ ಹೊಸ ಹೊಸ ವೇಷ ತೊಡುತ್ತಿದ್ದ ಕಾಲ. ಕಂಪನಿಗಳು ಷೇರುಗಳನ್ನು ಮಾರುತ್ತಿದ್ದವು. ೧೮೩೬ರಲ್ಲಿ ಎಮಿಲ್ ದ ಜಿರಾರ್ಡಿನ್ ಎಂಬವನು ಜಾಹೀರಾತಿನ ಆದಾಯವನ್ನು ನಂಬಿ, ಎಂದಿನ ಚಂದಾದ ಅರ್ಧಕ್ಕೆ, ಅಂದರೆ ೪೦ ಫ್ರಾಂಕುಗಳಿಗೆ ‘ಲಾ ಪ್ರೆಸ್’ ಎಂಬ ದಿನಪತ್ರಿಕೆಯನ್ನು ಕೊಡತೊಡಗಿದನು. ಓದುಗರು ಹೆಚ್ಚಿದರು, ಅವರ ಜೊತೆಗೆ ಪತ್ರಿಕೆಯ ಪುಟಗಳಲ್ಲಿ ಔಷಧಿ ಮಾರುವವರೂ ಲಾಭದ ಆಸೆ ತೋರಿಸುವವರೂ ಹೆಚ್ಚಿದರು. ಇಂತಹ ಕಾಲಕ್ಕೆ ತಕ್ಕ ನಾಯಕನನ್ನು ದೋಮಿಯೆ ನಾಟಕರಂಗದಿಂದ ಎರವಲು ತಂದನು. ರೋಬೆರ್ ಮಕೇರ್ ಎಂಬ ಠಕ್ಕನ ಪಾತ್ರವನ್ನು ಆಡಿ ಪ್ರಸಿದ್ಧನಾದ ನಟನೊಬ್ಬನಿದ್ದನು. ಆ ಠಕ್ಕ ದೋಮಿಯೆಯ ಕಲ್ಲಿನ ಮೇಲೆ ಒಂದು ದಿನ ಷೇರು ಮಾರುವವ, ಇನ್ನೊಂದು ದಿನ ವಕೀಲ, ಮತ್ತೊಂದು ದಿನ ವೈದ್ಯ, ಮಗುದೊಂದು ದಿನ ಪತ್ರಕರ್ತ. ಸುಮಾರು ನೂರು ಚಿತ್ರಗಳ ಈ ಮಾಲೆ ೧೮೩೬ರಿಂದ ೧೮೩೮ರವರೆಗೆ ನಡೆಯಿತು. ಚಿತ್ರಗಳ ಕೆಳಗಿನ ಮಾತುಗಳನ್ನು ಬರೆದವನು ಫಿಲಿಪೋನ್. ದೋಮಿಯೆಯ ಬಹುಪಾಲು ಚಿತ್ರಗಳಿಗೆ ಅಡಿಬರಹವನ್ನು ಹೀಗೆ ಬೇರೆಯವರೇ ಬರೆಯುತ್ತಿದ್ದರು. ಅವನ್ನು ಓದದೆಯೂ ಚಿತ್ರ ತಿಳಿಯುತ್ತದೆ.

ಅಲ್ಲಿಂದ ಮುಂದೆ ನಗರದ ಯಾವ ಮೂಲೆಯೂ ಅವನ ಕಣ್ಣಿಗೆ ತಪ್ಪಲಿಲ್ಲ. ಬಾಡಿಗೆ ಕೇಳಲು ಬಂದ ಮನೆಯೊಡೆಯ, ಸೋರುವ ಮಾಳಿಗೆಯ ಬಾಡಿಗೆದಾರ, ಕುದುರೆ ಎಳೆಯುವ ಬಾಡಿಗೆ ಬಂಡಿಯಲ್ಲಿ ಒಬ್ಬರ ಮೇಲೊಬ್ಬರು ಕುಸಿಯುವ ಪ್ರಯಾಣಿಕರು, ರೈಲನ್ನು ಕಂಡು ಬೆದರಿದ ಹಳ್ಳಿಗರು, ಚಿತ್ರಪ್ರದರ್ಶನದಲ್ಲಿ ಅರ್ಥವಾಗದಿದ್ದರೂ ತಲೆದೂಗುವ ರಸಿಕರು, ಪತ್ರಿಕೆಯ ಹಾಳೆಯಲ್ಲಿ ಮುಖ ಮರೆಸಿಕೊಂಡು ಎದುರಿಗಿದ್ದ ಹೆಂಡತಿಯನ್ನು ಮರೆತ ಗೃಹಸ್ಥರು — ಎಲ್ಲರೂ ಮರುದಿನದ ಪತ್ರಿಕೆಯಲ್ಲಿ ತಮ್ಮನ್ನೇ ಕಂಡುಕೊಂಡರು. ಪಕ್ಕದ ಮನೆಯವನೆಂದು ಭಾವಿಸಿ ನಕ್ಕರು. ೧೮೪೫ರಲ್ಲಿ ಆರಂಭವಾದ ನ್ಯಾಯಾಲಯದ ಮಾಲೆಯಲ್ಲಿ ಅವನ ಬಾಲ್ಯದ ಆ ಕಪ್ಪು ನಿಲುವಂಗಿಗಳು ಮರಳಿ ಬಂದವು. ವಾದಿಸುವಾಗ ಕೆಂಡವಾಗುವ ಇಬ್ಬರು ವಕೀಲರು ಹೊರಗೆ ಬಂದೊಡನೆ ಹೆಗಲ ಮೇಲೆ ಕೈಹಾಕಿಕೊಂಡು ನಡೆಯುತ್ತಾರೆ.

ಅವನ ನಗೆ ಎಲ್ಲೆಡೆಯೂ ನ್ಯಾಯವಾಗಿತ್ತೆಂದು ಹೇಳಲಾಗದು. ೧೮೪೪ರಲ್ಲಿ ಲೇಖಕಿಯರನ್ನು ಕುರಿತು, ಕೆಲವು ವರ್ಷಗಳ ಬಳಿಕ ಹಕ್ಕುಗಳನ್ನು ಕೇಳಿದ ಹೆಂಗಸರನ್ನು ಕುರಿತು ಅವನು ಬರೆದ ಮಾಲೆಗಳಲ್ಲಿ, ಹೆಂಗಸು ಲೇಖನಿ ಹಿಡಿದರೆ ಮನೆ ಕೆಡುತ್ತದೆ ಎಂಬ ಆ ಕಾಲದ ಗಂಡಸರ ಮಾತೇ ಕೇಳಿಸುತ್ತದೆ. ದೊರೆಯ ಅಧಿಕಾರವನ್ನು ಪ್ರಶ್ನಿಸಿದ ಕಣ್ಣಿಗೆ ಮನೆಯೊಳಗಿನ ಅಧಿಕಾರ ಕಾಣಲಿಲ್ಲ.

೧೮೪೬ರಲ್ಲಿ ದೋಮಿಯೆ ಬಟ್ಟೆ ಹೊಲಿದು ಜೀವಿಸುತ್ತಿದ್ದ ಅಲೆಕ್ಸಾಂದ್ರಿನ್ ಎಂಬವಳನ್ನು ಮದುವೆಯಾದನು. ಸೇನ್ ನದಿಯ ನಡುಗಡ್ಡೆಯೊಂದರಲ್ಲಿ ಅವರ ಮನೆ. ಮೇಲಿನ ಅಟ್ಟವೇ ಅವನ ಕೆಲಸದ ಕೋಣೆ. ಅಲ್ಲಿಗೆ ಬಂದು ನೋಡಿದ ಕವಿ ಬಾನ್‌ವಿಲ್, ಅವನು ಸವೆದುಹೋದ ಬಳಪದ ತುಂಡುಗಳಿಂದಲೇ ಬರೆಯುತ್ತಿದ್ದುದನ್ನು ಕಂಡು ಬೆರಗಾದನಂತೆ. ದುಡಿಮೆ ಕಲ್ಲಿನ ಲೆಕ್ಕದಲ್ಲಿ. ಕಲ್ಲು ಸಿದ್ಧವಾಗದಿದ್ದರೆ ಹಣವಿಲ್ಲ. ಪತ್ರಿಕೆ ಅನ್ನ ಕೊಟ್ಟಿತು, ಆದರೆ ವರ್ಣಚಿತ್ರ ಬರೆಯಲು ಹಂಬಲಿಸುತ್ತಿದ್ದವನ ಹಗಲನ್ನೆಲ್ಲ ತಾನೇ ತೆಗೆದುಕೊಂಡಿತು.

೧೮೪೮ರ ಫೆಬ್ರವರಿಯಲ್ಲಿ ಲೂಯಿ ಫಿಲಿಪನೂ ಸಿಂಹಾಸನ ಬಿಟ್ಟು ಓಡಿದನು. ಅರಮನೆಗೆ ನುಗ್ಗಿದ ಬೀದಿಯ ಹುಡುಗನೊಬ್ಬ ಆ ಸಿಂಹಾಸನದ ಮೇಲೆ ಕುಳಿತು ಮೆತ್ತೆಯ ಸುಖ ಅನುಭವಿಸುತ್ತಿರುವಂತೆ ದೋಮಿಯೆ ಬರೆದನು. ಹೊಸ ಗಣರಾಜ್ಯದ ಸಂಕೇತಚಿತ್ರಕ್ಕಾಗಿ ನಡೆದ ಸ್ಪರ್ಧೆಯಲ್ಲಿ ಅವನ ಕರಡು ಆಯ್ಕೆಯಾದವುಗಳಲ್ಲಿ ಒಂದಾಯಿತು: ಬಲಿಷ್ಠಳಾದ ತಾಯಿ, ಅವಳ ಮೊಲೆಯುಣ್ಣುವ ಇಬ್ಬರು ಮಕ್ಕಳು, ಕಾಲ ಬಳಿ ಕುಳಿತು ಓದುವ ಇನ್ನೊಂದು ಮಗು. ದೊಡ್ಡ ಚಿತ್ರವನ್ನು ಅವನು ಪೂರ್ಣಗೊಳಿಸಲೇ ಇಲ್ಲ. ಗಣರಾಜ್ಯವೂ ಹೆಚ್ಚು ಕಾಲ ಉಳಿಯಲಿಲ್ಲ. ಲೂಯಿ ನೆಪೋಲಿಯನ್ ಅಧಿಕಾರ ಕಸಿದುಕೊಳ್ಳಲಿರುವನೆಂಬ ಸೂಚನೆ ಕಂಡಾಗ ದೋಮಿಯೆ ಅವನ ಬಾಡಿಗೆ ಬಂಟನ ರೂಪವನ್ನು ಕಡೆದನು; ರಾತಾಪ್ವಾಲ್ ಎಂಬ ಹೆಸರಿನ, ಸುಕ್ಕಾದ ಟೋಪಿಯ, ದೊಣ್ಣೆ ಊರಿ ನಿಂತ ಒಣಕಲು ಮನುಷ್ಯ. ಪೋಲೀಸರಿಗೆ ಹೆದರಿ ಹೆಂಡತಿ ಆ ಬೊಂಬೆಯನ್ನು ವರ್ಷಗಟ್ಟಲೆ ಬಚ್ಚಿಟ್ಟಿದ್ದಳೆಂದು ಹೇಳುತ್ತಾರೆ. ೧೮೫೧ರ ಡಿಸೆಂಬರಿನಲ್ಲಿ ನೆಪೋಲಿಯನ್ ಅಧಿಕಾರ ಹಿಡಿದನು. ರಾಜಕೀಯ ಚಿತ್ರಗಳ ಬಾಗಿಲು ಮತ್ತೆ ಮುಚ್ಚಿತು.

ಮತ್ತೆ ನಗರವೇ ಗತಿ. ೧೮೫೩ರಿಂದ ಔಸ್ಮಾನ್ ಎಂಬ ಅಧಿಕಾರಿ ಹಳೆಯ ಪ್ಯಾರಿಸ್ಸಿನ ಓಣಿಗಳನ್ನು ಕೆಡವಿಸಿ ಅಗಲವಾದ ಹೆದ್ದಾರಿಗಳನ್ನು ಹಾಕಿಸುತ್ತಿದ್ದಾಗ, ತಮ್ಮ ಮನೆಯ ಜಾಗ ಯಾವುದೆಂದು ಧೂಳಿನಲ್ಲಿ ಹುಡುಕುವ ನಿವಾಸಿಗಳನ್ನು ದೋಮಿಯೆ ಬರೆದನು. ೧೮೫೮ರಲ್ಲಿ ಧೂಮಕೇತು ಬಂದಾಗ, ಬಾಬಿನೆ ಎಂಬ ವಿಜ್ಞಾನಿ ದುರ್ಬೀನಿನಲ್ಲಿ ಕಣ್ಣಿಟ್ಟು ಒಂದು ದಿಕ್ಕಿನಲ್ಲಿ ಹುಡುಕುತ್ತಿದ್ದರೆ, ಕಸಬರಿಕೆ ಹಿಡಿದ ಬಾಗಿಲು ಕಾಯುವವಳು ಅವನ ಬೆನ್ನ ಹಿಂದಿನ ಆಕಾಶದಲ್ಲಿ ಬೆಳಗುತ್ತಿದ್ದ ಧೂಮಕೇತುವನ್ನು ತೋರಿಸುವಂತೆ ಬರೆದನು.

ಅಷ್ಟು ವರ್ಷಗಳ ದುಡಿಮೆಯ ಮೇಲೆ ೧೮೬೦ರಲ್ಲಿ ‘ಶಾರಿವಾರಿ’ ಅವನನ್ನು ಕೆಲಸದಿಂದ ಬಿಟ್ಟಿತು. ಚಂದಾದಾರರಿಗೆ ಅವನ ಚಿತ್ರಗಳು ಸಾಕಾಗಿದ್ದವು. ೧೮೬೩ರ ಕೊನೆಯವರೆಗೆ ನಿಶ್ಚಿತ ಆದಾಯವಿಲ್ಲದೆ ಕಷ್ಟಪಟ್ಟನು. ಆದರೆ ಆ ಮೂರು ವರ್ಷಗಳಲ್ಲಿಯೇ ಕುಂಚಕ್ಕೆ ಬಿಡುವು ದೊರೆಯಿತು. ಈ ಅವಧಿಯಲ್ಲಿ ಅವನು ಕೈಗೆತ್ತಿಕೊಂಡ ವರ್ಣಚಿತ್ರಗಳಲ್ಲಿ ಒಂದು ರೈಲಿನ ಮೂರನೆಯ ದರ್ಜೆಯ ಡಬ್ಬಿ: ಮಗುವಿಗೆ ಮೊಲೆಯೂಡುವ ತಾಯಿ, ಬುಟ್ಟಿಯ ಮೇಲೆ ಕೈಜೋಡಿಸಿ ಕುಳಿತ ಮುದುಕಿ, ಪಕ್ಕದಲ್ಲಿ ನಿದ್ದೆಹೋದ ಹುಡುಗ. ಪತ್ರಿಕೆಯಲ್ಲಿ ಹಾಸ್ಯಕ್ಕೆ ವಸ್ತುವಾಗಿದ್ದ ಅದೇ ಜನ ಇಲ್ಲಿ ಗಂಭೀರರಾಗಿ ಕುಳಿತಿದ್ದಾರೆ. ಚಿತ್ರದ ಒಂದು ರೂಪ ನ್ಯೂಯಾರ್ಕಿನಲ್ಲಿಯೂ ಇನ್ನೊಂದು ಕೆನಡಾದ ಅಟಾವಾದಲ್ಲಿಯೂ ಇವೆ.

ಪತ್ರಿಕೆ ಅವನನ್ನು ಮರಳಿ ಕರೆಯಿತು. ಅವನು ಮರಳಿ ಹೋದನು. ಆದರೆ ಕಣ್ಣುಗಳು ಸೋಲುತ್ತಿದ್ದವು. ೧೮೬೫ರ ಸುಮಾರಿಗೆ ಪ್ಯಾರಿಸ್ಸಿನ ಹೊರಗಿನ ವಾಲ್ಮೊಂದ್ವಾ ಎಂಬ ಹಳ್ಳಿಗೆ ಬಂದು ನೆಲೆಸಿದನು. ೧೮೭೦ರಲ್ಲಿ ಚಕ್ರವರ್ತಿಯ ಸರ್ಕಾರ ಉನ್ನತ ಪದಕವನ್ನು ಕೊಡಮಾಡಿದಾಗ ಸದ್ದಿಲ್ಲದೆ ನಿರಾಕರಿಸಿದನು. ಅದೇ ವರ್ಷ ಜರ್ಮನ್ ಸೈನ್ಯಕ್ಕೆ ಸೋತು ಸಾಮ್ರಾಜ್ಯ ಬಿದ್ದಿತು. ತನ್ನ ಆಳ್ವಿಕೆಯೆಂದರೆ ಶಾಂತಿಯೇ ಎಂದು ಚಕ್ರವರ್ತಿ ಹಿಂದೆ ಕೊಟ್ಟಿದ್ದ ಭರವಸೆಯನ್ನೇ ಅಡಿಬರಹವಾಗಿಟ್ಟು, ಹೊಗೆಯಾಡುವ ಹಾಳುಮನೆಗಳನ್ನೂ ಹೆಣಗಳನ್ನೂ ದೋಮಿಯೆ ಬರೆದನು. ಕೆಲವು ವರ್ಷಗಳಲ್ಲಿ ಬಳಪವನ್ನು ಕೆಳಗಿಡಬೇಕಾಯಿತು. ಬಾಡಿಗೆಗೂ ತೊಡಕಾದಾಗ ಗೆಳೆಯನಾದ ಚಿತ್ರಕಾರ ಕೊರೊ ನೆರವಿಗೆ ಬಂದು ಮನೆ ಉಳಿಸಿಕೊಟ್ಟನೆಂದು ಪ್ರತೀತಿ.

೧೮೭೮ರಲ್ಲಿ ಸ್ನೇಹಿತರು ಸೇರಿ ದ್ಯುರಾನ್-ರ್ಯುಯೆಲ್ ಚಿತ್ರಶಾಲೆಯಲ್ಲಿ ಅವನ ವರ್ಣಚಿತ್ರಗಳ ಪ್ರದರ್ಶನವನ್ನು ಏರ್ಪಡಿಸಿದರು. ವಿಕ್ಟರ್ ಹ್ಯೂಗೊ ಅದರ ಗೌರವಾಧ್ಯಕ್ಷ. ಬಂದ ಜನ ಕಡಿಮೆ, ಖರ್ಚು ಹುಟ್ಟಲಿಲ್ಲ. ಮರುವರ್ಷದ ಫೆಬ್ರವರಿಯಲ್ಲಿ ದೋಮಿಯೆ ತೀರಿಕೊಂಡನು. ವಾಲ್ಮೊಂದ್ವಾದಲ್ಲಿ ಹೂಳಿದ್ದ ದೇಹವನ್ನು ೧೮೮೦ರಲ್ಲಿ ಪ್ಯಾರಿಸ್ಸಿಗೆ ತಂದು ಕೊರೊನ ಸಮಾಧಿಯ ಸಮೀಪದಲ್ಲಿ ಇಟ್ಟರು.

ಅವನು ಸುಮಾರು ೪,೦೦೦ ಕಲ್ಲಚ್ಚಿನ ಚಿತ್ರಗಳನ್ನು ಬರೆದನು. ಆದರೆ ಅವನ ಕೈ ಆಡಿದ ಕಲ್ಲುಗಳು ಸಿಗುವುದು ದುರ್ಲಭ. ಕಲ್ಲಿಗೆ ಬೆಲೆ ಹೆಚ್ಚು. ಪತ್ರಿಕೆಗೆ ಬೇಕಾದ ಪ್ರತಿಗಳು ಅಚ್ಚಾದ ಮೇಲೆ ಅದರ ಮೈಯನ್ನು ಮರಳಿನಿಂದ ಉಜ್ಜಿ ಚಿತ್ರವನ್ನು ಅಳಿಸಿ, ಮತ್ತೊಂದು ಚಿತ್ರಕ್ಕಾಗಿ ಕೊಡುವುದು ವಾಡಿಕೆಯಾಗಿತ್ತು. ಉಳಿದಿರುವುವು ‘ಶಾರಿವಾರಿ’ಯ ಹಳದಿ ತಿರುಗಿದ ಹಾಳೆಗಳು. ಅವುಗಳನ್ನು ಬೆಳಕಿಗೆ ಹಿಡಿದರೆ, ವಕೀಲರ ನಿಲುವಂಗಿಗಳ ನಡುವೆ, ಬಾಡಿಗೆ ಬಂಡಿಯ ಪ್ರಯಾಣಿಕರ ಮುಖಗಳ ಹಿಂದೆ, ಬೆನ್ನಪುಟದಲ್ಲಿ ಅಚ್ಚಾದ ಆ ದಿನದ ಸುದ್ದಿಯ ಅಕ್ಷರಗಳು ಎಡಬಲ ತಿರುಗಿದ ಸಾಲುಗಳಂತೆ ಮಸುಕಾಗಿ ಕಾಣುತ್ತವೆ.